ಎಡಗಡೆಯ ಡಬ್ಬ

ನನ್ನ ಸೋದರತ್ತೆ ಕಾರು ಓಡಿಸುವುದನ್ನು ಕಲಿಸುತ್ತಾರೆ. ಹೆದರಿಕೊಂಡು ಬಂದವರಿಗೆ ಧೈರ್ಯ ತುಂಬಿ, ಧೈರ್ಯ ಹೆಚ್ಚಾಗಿ ಬಂದವರಿಗೆ ಒಂಚೂರು ಹೆದರಿಕೆ ಹುಟ್ಟಿಸಿ ರಸ್ತೆಗೆ ಬಿಡುವುದೇ ತನ್ನ ಕಸುಬು ಅನ್ನುತ್ತಾರೆ. ಅವರ ಕೈಯಲ್ಲಿ ಬೈಸಿಕೊಂಡು ಕಲಿತವರಲ್ಲಿ ನಾನೂ ಒಬ್ಬಳು. ಅವರ ಗಂಡ, ಅಂದರೆ ನಮ್ಮ ಮಾವ, ಕಾರ್ಖಾನೆಯಲ್ಲಿ ಲೇತ್ ಮೆಷಿನ್ನಿನ ಮೇಲೆ ಕಬ್ಬಿಣ ಕಡೆಯುತ್ತಿದ್ದ ಟರ್ನರ್. ಅಲ್ಲಿ ಅವರನ್ನು ಎಲ್ಲರೂ ‘ರೇಡಿಯೋ’ ಅಂತಲೇ ಕರೆಯುತ್ತಿದ್ದರಂತೆ. ಅಷ್ಟೊಂದು ಯಂತ್ರಗಳು ಅರಚುತ್ತಿದ್ದರೂ ಅವುಗಳ ಮೇಲೆ ತಮ್ಮ ದನಿ ಏರಿಸಿ ಹಾಡೋ ಹರಟೆಯೋ ಏನಾದರೊಂದು ನಡೆಸುತ್ತಲೇ ಇರುತ್ತಿದ್ದರು. ಶಿಫ್ಟ್ ಮುಗಿದು ಮನೆಗೆ ಬಂದ ಮೇಲೂ ಆ ರೇಡಿಯೋ ಬಂದ್ ಆಗುತ್ತಿರಲಿಲ್ಲ.

ಮಾವನಿಗೆ ಹಾಡು ಕೇಳುವ ಹುಚ್ಚು. ಮದುವೆಯಾದ ಹೊಸತರಲ್ಲಿ ಅತ್ತೆ ಬಟ್ಟೆ ಇಡುವುದಕ್ಕೆ ಒಂದು ಬೀರು ಬೇಕು ಅಂದಿದ್ದರಂತೆ. ಮಾವ ಬೀರು ತರಲು ಹೋಗಿ ಬೀರುವಿನ ತಮ್ಮಂದಿರಂತಿದ್ದ ಎರಡು ಸ್ಪೀಕರ್ ಪೆಟ್ಟಿಗೆಗಳನ್ನು ಗಾಡಿಯಲ್ಲಿ ಹೇರಿಕೊಂಡು ಬಂದರು. ಅವುಗಳ ಮೇಲೆಯೇ ಬಟ್ಟೆ ಮಡಚಿಟ್ಟುಕೊಂಡು ಅತ್ತೆ ಎಷ್ಟೋ ಕಾಲ ಸಂಸಾರ ಮಾಡಿದರು. ರಜೆಯಲ್ಲಿ ಅವರ ಮನೆಗೆ ಹೋದರೆ ನನಗೆ ಬೆಳಗಾಗುತ್ತಿದ್ದದ್ದು ಆ ಪೆಟ್ಟಿಗೆಗಳ ಹಾಡಿನಿಂದ. ಮಾವ ಒಂದೊಂದು ಹಾಡು ಹಾಕಿ, ಇಲ್ಲಿ ಕೊಳಲು ಬರುತ್ತೆ ನೋಡು, ಈಗ ಆಯಮ್ಮ ಉಸಿರು ತಗೋತಾಳೆ ನೋಡು ಅಂತ ಮುಂಚಿತವಾಗಿಯೇ ಹೇಳಿ, ಅದು ಬಂದಾಗ ತಾವೇ ಹಾಡಿಸಿದವರ ಹಾಗೆ ಬೀಗುತ್ತಿದ್ದರು.

ನಿವೃತ್ತರಾದ ಮೇಲೆ ಈ ಮನುಷ್ಯ ಮಂಕಾಗುತ್ತಾ ಹೋದರು. ಮೊದಮೊದಲು ಯಾರೂ ತಲೆಕೆಡಿಸಿಕೊಳ್ಳಲಿಲ್ಲ. ಇಷ್ಟು ವರ್ಷ ದುಡಿದವರು, ಮನೆಗೆ ಹೊಂದಿಕೊಳ್ಳಲು ಹೊತ್ತು ಬೇಡವೇ ಅಂದುಕೊಂಡೆವು. ಆದರೆ ಹಾಡು ಹಾಕುವುದು ಕಮ್ಮಿಯಾಯಿತು, ಆಮೇಲೆ ನಿಂತೇಹೋಯಿತು. ಊಟಕ್ಕೆ ಕೂತಾಗ ಅತ್ತೆ ಆವತ್ತಿನ ಸುದ್ದಿ ಹೇಳುತ್ತಿದ್ದರೆ ಮಾವ ತಟ್ಟೆ ನೋಡಿಕೊಂಡು ಉಣ್ಣುತ್ತಿದ್ದರು. ಕೇಳಿದ ಪ್ರಶ್ನೆಗೆ ಉತ್ತರವಿಲ್ಲ. ಇದ್ದರೂ ಅದು ಬೇರೆ ಯಾವುದೋ ಪ್ರಶ್ನೆಯ ಉತ್ತರ. ಸಾರಿಗೆ ಉಪ್ಪು ಸಾಕಾ ಅಂದರೆ ‘ನಾಳೆ ಹೋದರಾಯಿತು ಬಿಡು’ ಅನ್ನುವುದು.

ಅತ್ತೆಗೆ ಬಗೆಹರಿಯದೆ ಹೋದದ್ದು ಇನ್ನೊಂದು. ಸಂತೆಗೋ ಬ್ಯಾಂಕಿಗೋ ಕಾರಿನಲ್ಲಿ ಕರೆದುಕೊಂಡು ಹೋದರೆ ಮಾವ ಚೆನ್ನಾಗಿಯೇ ಮಾತಾಡುತ್ತಿದ್ದರು. ಎದುರಿಗೆ ಬಂದವನ ಡ್ರೈವಿಂಗ್ ಬಗ್ಗೆ ಜೋಕು ಹೊಡೆಯುತ್ತಿದ್ದರು, ಅತ್ತೆ ಹೇಳಿದ್ದಕ್ಕೆ ಹೌದು ಅಲ್ಲ ಅಂತ ವಾದ ಹೂಡುತ್ತಿದ್ದರು. ಮನೆಯ ಹೊಸ್ತಿಲು ದಾಟಿ ಒಳಗೆ ಬಂದರೆ ಬಾಯಿಗೆ ಬೀಗ. ಇದನ್ನು ನೋಡಿ ನೋಡಿ ಅತ್ತೆ ತಮ್ಮಷ್ಟಕ್ಕೆ ತಾವೇ ಒಂದು ತೀರ್ಮಾನಕ್ಕೆ ಬಂದರು. ಹೊರಗೆ ಹೋದರೆ ಈ ಮನುಷ್ಯನಿಗೆ ಜೀವ ಬರುತ್ತದೆ, ಮನೆ ಸೇರಿದರೆ ಹೋಗುತ್ತದೆ. ಅಂದರೆ ಇವರಿಗೆ ಬೇಡವಾಗಿರುವುದು ಮನೆ, ಮನೆ ಅಂದರೆ ತಾನು. ಹೆಂಡತಿ ದುಡಿಯಲು ಹೋಗಿ ತಾನು ಮನೆಯಲ್ಲಿ ಕೂರುವುದು ಚುಚ್ಚುತ್ತಿರಬಹುದು. ಇಲ್ಲವೇ ಇಷ್ಟು ವರ್ಷ ಶಿಫ್ಟುಗಳ ನಡುವೆ ಅರ್ಧಂಬರ್ಧ ಕಂಡಿದ್ದ ಹೆಂಡತಿಯನ್ನು ಈಗ ಪೂರ್ತಿ ಕಂಡು ಬೇಸರ ಹತ್ತಿರಬಹುದು. ಇದನ್ನು ಅತ್ತೆ ಯಾರ ಹತ್ತಿರವೂ ಹೇಳಲಿಲ್ಲ. ಬೆಳಗಿನ ಕ್ಲಾಸು ಇನ್ನಷ್ಟು ಬೇಗ ಇಟ್ಟುಕೊಂಡರು, ಸಂಜೆ ಇನ್ನಷ್ಟು ತಡವಾಗಿ ಬರತೊಡಗಿದರು. ಮಾತು ಅವರ ಕಡೆಯಿಂದಲೂ ಕಮ್ಮಿಯಾಯಿತು.

ಒಂದು ದಿನ ಅತ್ತೆ ಮನೆಗೆ ಬಂದಾಗ ಹಳೆಯ ಸ್ಪೀಕರ್ ಪೆಟ್ಟಿಗೆಗಳು ಇರಲಿಲ್ಲ. ಅವುಗಳಿದ್ದ ಜಾಗದಲ್ಲಿ ಗೋಡೆಯ ಬಣ್ಣ ಹೊಸದರಂತೆ ಕಾಣುತ್ತಿತ್ತು. ಎಡಗಡೆಯದು ಕೆಟ್ಟುಹೋಗಿತ್ತು, ವೈರು ಬದಲಾಯಿಸಿ ನೋಡಿದೆ, ಬಿಚ್ಚಿ ನೋಡಿದೆ, ಸರಿಹೋಗಲಿಲ್ಲ, ಗುಜರಿಯವನಿಗೆ ಕೊಟ್ಟೆ ಅಂದರು ಮಾವ. ಅತ್ತೆಗೆ ಅಳುವೇ ಬಂತು. ಹಾಡನ್ನೂ ಮನೆಯಿಂದ ಹೊರಗೆ ಹಾಕಿದರಲ್ಲ ಅನ್ನಿಸಿತು.

ಆದರೆ ಆ ವಾರವೇ ಮಾವ ತಾವಾಗಿ ಬಾಯಿ ಬಿಟ್ಟರು. ಈಗ ಸಣ್ಣ ಸಣ್ಣ ಸ್ಪೀಕರ್ ಬಂದಿವೆಯಂತೆ, ಪುಸ್ತಕದ ಶೆಲ್ಫಿನಲ್ಲಿ ಕೂರುತ್ತವೆಯಂತೆ, ಬೆಲೆಯೂ ಮೈಮೇಲೆ ಬರುವಷ್ಟಿಲ್ಲವಂತೆ, ಒಂದು ಜೊತೆ ತಂದರೆ ಹೇಗೆ ಅಂದರು. ಅತ್ತೆಗೆ ಎಷ್ಟು ಖುಷಿಯಾಯಿತೆಂದರೆ, ಯಾವಾಗಲೂ ಲೆಕ್ಕ ಕೇಳುವವರು ಒಂದು ಮಾತೂ ಕೇಳದೆ ಎದ್ದು ಶೆಲ್ಫಿನ ಅಗಲ ಗೇಣು ಹಾಕಿ ನೋಡಿದರು. ದುಬಾರಿಯದು ಬೇಡ, ಆದರೆ ಕೇಳುವ ಹಾಗಿರಲಿ ಅಂತ ಇಬ್ಬರೂ ಒಪ್ಪಿದರು.

ಅಂಗಡಿ ಒಂದು ಸೈಕಲ್ ಅಂಗಡಿಯ ಮಹಡಿಯಲ್ಲಿತ್ತು. ಮೆಟ್ಟಿಲು ಹತ್ತಿ ಹೋದರೆ ಮುಂದೆ ಒಂದು ಇಕ್ಕಟ್ಟಾದ ಕೌಂಟರು. ಹಿಂದೆ ದಪ್ಪ ಪರದೆ ಬಿಟ್ಟು ನೆಲಕ್ಕೆ ಜಮಖಾನ ಹಾಸಿದ ಒಂದು ಕೋಣೆ, ಅದರಲ್ಲಿ ಒಂದು ಉದ್ದನೆಯ ಸೋಫಾ. ಅಂಗಡಿಯವರು ದಢೂತಿ ಆಸಾಮಿ, ಮಾತು ಮಾತ್ರ ಮೆತ್ತಗೆ. ಕನ್ನಡಕವನ್ನು ತಲೆಯ ಮೇಲೆ ಏರಿಸಿಕೊಂಡು ಅದನ್ನೇ ಜೇಬಿನಲ್ಲಿ ಹುಡುಕುವುದು ಅವರ ಅಭ್ಯಾಸ. ಏನು ಬೇಕು ಅಂತ ಕೇಳುವ ಮೊದಲು ಕೋಣೆ ಎಷ್ಟು ದೊಡ್ಡದು, ಸ್ಪೀಕರ್ ಎಲ್ಲಿ ಇಡುತ್ತೀರಿ, ಯಾವ ತರಹದ ಹಾಡು ಕೇಳುತ್ತೀರಿ ಅಂತ ಕೇಳಿದರು. ಡಬ್ಬದ ಮೇಲೆ ಬರೆದಿರುವ ವಾಟ್‌ಗಳನ್ನು ನಂಬಬೇಡಿ, ಅದು ಡಬ್ಬ ಮಾರುವುದಕ್ಕೆ ಬರೆದದ್ದು. ನಿಮಗೆ ಬಾಯಿಪಾಠವಾಗಿರುವ ಒಂದು ಹಾಡು ಹೇಳಿ, ಅದನ್ನೇ ಎಲ್ಲದರಲ್ಲೂ ಹಾಕುತ್ತೇನೆ, ನಿಮ್ಮ ಕಿವಿ ಒಪ್ಪಿದ್ದನ್ನು ತೆಗೆದುಕೊಳ್ಳಿ ಅಂದರು.

ಮಾವ ಆರಿಸಿದ್ದು ಒಂದು ಹಳೆಯ ಯುಗಳಗೀತೆ. ಆ ಕಾಲದಲ್ಲಿ ರೆಕಾರ್ಡು ಮಾಡುವವರು ಹೆಂಗಸಿನ ದನಿಯನ್ನು ಒಂದು ಬದಿಗೆ, ಗಂಡಸಿನ ದನಿಯನ್ನು ಇನ್ನೊಂದು ಬದಿಗೆ ಇಟ್ಟುಬಿಡುತ್ತಿದ್ದರು. ಕಣ್ಣು ಮುಚ್ಚಿ ಕೇಳಿದರೆ ಇಬ್ಬರೂ ಕೋಣೆಯ ಎರಡು ಮೂಲೆಯಲ್ಲಿ ನಿಂತು ಒಬ್ಬರನ್ನೊಬ್ಬರು ಕರೆಯುತ್ತಿರುವ ಹಾಗೆ. ಅಂಗಡಿಯವರು ಎರಡು ಸ್ಟ್ಯಾಂಡುಗಳ ಮೇಲೆ ರೊಟ್ಟಿಡಬ್ಬಿಯಷ್ಟೇ ದೊಡ್ಡ ಒಂದು ಜೊತೆ ಸ್ಪೀಕರ್ ಇಟ್ಟು ಹಾಡು ಹಾಕಿದರು. ಇಷ್ಟು ಸಣ್ಣ ಡಬ್ಬದಿಂದ ಇಷ್ಟು ದನಿ ಬರುತ್ತದೆಂದು ಅತ್ತೆ ಅಂದುಕೊಂಡಿರಲಿಲ್ಲ. ಹೆಂಗಸಿನ ದನಿ ಎಡಗಡೆಯಿಂದ ಬಂತು, ಗಂಡಸಿನದು ಬಲಗಡೆಯಿಂದ.

ಮಾವ ಕೈ ಎತ್ತಿ ನಿಲ್ಲಿಸಿ ಅಂದರು.

“ಎಡಗಡೆ ಡಬ್ಬ ಮಾತಾಡ್ತಿಲ್ಲ. ಎಲ್ಲಾ ಬಲಗಡೆಯಿಂದಲೇ ಬರ್ತಿದೆ.”

ಅಂಗಡಿಯವರು ಎಡಗಡೆಯ ಸ್ಪೀಕರಿನ ಹಿಂದೆ ಬಗ್ಗಿ ವೈರು ಕಿತ್ತು ಮತ್ತೆ ಚುಚ್ಚಿದರು. ಹಾಡು ಮತ್ತೆ ಶುರುವಾಯಿತು. ಮಾವ ತಲೆ ಅಲ್ಲಾಡಿಸಿದರು. ಇನ್ನೊಂದು ಜೊತೆ ಬಂತು, ಅದರಲ್ಲೂ ಹಾಗೇ. ಅಂಗಡಿಯವರು ಎಡದ ಡಬ್ಬವನ್ನು ಬಲಕ್ಕೆ, ಬಲದ ಡಬ್ಬವನ್ನು ಎಡಕ್ಕೆ ಇಟ್ಟರು. ಆಗಲೂ ಮಾತಾಡದೆ ಉಳಿದದ್ದು ಎಡಗಡೆಯದೇ. ಪಾಪ, ಆ ಮನುಷ್ಯ ಗಿರಾಕಿಗೆ ಎದುರು ಹೇಳುವವರಲ್ಲ. ಹಾಗಾದರೆ ಆಂಪ್ಲಿಫೈಯರ್‌ನದೇ ಏನೋ ತೊಂದರೆ ಇರಬೇಕು, ಒಳಗೆ ಇನ್ನೊಂದಿದೆ, ತರುತ್ತೇನೆ ಅಂತ ಬೆವರು ಒರೆಸಿಕೊಂಡು ಪರದೆ ಸರಿಸಿ ಹೊರಗೆ ಹೋದರು.

ಅತ್ತೆ ಸೋಫಾದ ಮೇಲೆ ಮಾವನ ಎಡಗಡೆ ಕೂತಿದ್ದರು. ಹೆಂಗಸಿನ ದನಿ ಅವರಿಗೆ ಕೇಳಿಸಿತ್ತು, ಆ ಡಬ್ಬದಿಂದಲೇ, ಪ್ರತಿ ಸಲವೂ. ಮಾವ ಎದುರಿಗೆ ನೋಡಿಕೊಂಡು ಕೂತಿದ್ದರು. ಮುಖದಲ್ಲಿ ಕೋಪವಿರಲಿಲ್ಲ. ಎಲ್ಲೋ ಏನೋ ಕಳೆದುಕೊಂಡು, ಹುಡುಕುವುದನ್ನೂ ಬಿಟ್ಟವರ ಹಾಗಿದ್ದರು. ಆ ದಪ್ಪ ಪರದೆಯ ಕೋಣೆಯಲ್ಲಿ ಹೊರಗಿನ ಒಂದು ಸದ್ದೂ ಇಲ್ಲ. ಅತ್ತೆಗೆ ಏನನ್ನಿಸಿತೋ, ಇಷ್ಟು ದಿನ ನಾಲಿಗೆಯ ತುದಿಯಲ್ಲಿದ್ದದ್ದನ್ನು ಮೆಲ್ಲನೆಯ ದನಿಯಲ್ಲಿ ಕೇಳಿಯೇಬಿಟ್ಟರು.

“ನನ್ನ ಮೇಲೆ ಏನಾದ್ರೂ ಕೋಪಾನಾ?”

ಮಾವ ಅಲುಗಲಿಲ್ಲ. ರೆಪ್ಪೆ ಕೂಡ ಅಲುಗಲಿಲ್ಲ. ಕೇಳಿಸಿಕೊಂಡು ಸುಮ್ಮನಿರುವವರ ಸುಮ್ಮನಿರುವಿಕೆ ಹೇಗಿರುತ್ತದೆಂದು ಅತ್ತೆಗೆ ಚೆನ್ನಾಗಿ ಗೊತ್ತು, ದಿನವೂ ಕಲಿಯಲು ಬರುವವರಲ್ಲಿ ನೋಡುತ್ತಾರೆ. ಇದು ಅದಲ್ಲ. ಮಾತು ಈ ಮನುಷ್ಯನನ್ನು ಮುಟ್ಟಿಯೇ ಇರಲಿಲ್ಲ.

ಅತ್ತೆ ಎದ್ದು ಸೋಫಾ ಸುತ್ತಿ ಬಂದು ಮಾವನ ಬಲಗಡೆ ಕೂತರು. ಅದೇ ಮೆಲ್ಲನೆಯ ದನಿಯಲ್ಲಿ, ಹೋಗೋಣವಾ ಅಂದರು. ಮಾವ ತಿರುಗಿ, “ಯಾಕೆ? ಅವರು ಬರ್ಲಿ ಇರು” ಅಂದರು.

ಅತ್ತೆ ಒಂದೊಂದಾಗಿ ನೆನಪಿಸಿಕೊಂಡರು. ಊಟದ ಮೇಜಿನಲ್ಲಿ ತಾನು ಕೂರುವುದು ಅವರ ಎಡಗಡೆ. ಟೀವಿ ಮುಂದೆ ಕೂರುವುದು ಎಡಗಡೆ. ಕಾರಿನಲ್ಲಿ ಮಾತ್ರ ಸ್ಟೀರಿಂಗು ಬಲಗಡೆ, ತಾನು ಅವರ ಬಲಗಡೆ. ಇಷ್ಟು ದಿನ ಕಣ್ಣೆದುರಿಗೇ ಇದ್ದದ್ದು ಈಗ ಒಂದೇ ಸಲಕ್ಕೆ ಕಂಡಿತು.

ಅಂಗಡಿಯವರು ಇನ್ನೊಂದು ಆಂಪ್ಲಿಫೈಯರ್ ಎದೆಗೆ ಅವುಚಿಕೊಂಡು ಬರುವಷ್ಟರಲ್ಲಿ ಅತ್ತೆ ನಿಂತಿದ್ದರು. ಅರ್ಜೆಂಟು ಕೆಲಸ ಬಂದಿದೆ, ಇನ್ನೊಂದು ದಿನ ಬರುತ್ತೇವೆ ಅಂದು ಮಾವನನ್ನು ಕರೆದುಕೊಂಡು ಕೆಳಗಿಳಿದರು. ಕಾರು ಹತ್ತಿದರು, ಆದರೆ ಸ್ಟಾರ್ಟ್ ಮಾಡಲಿಲ್ಲ.

“ನಿಮಗೆ ಎಡಗಿವಿ ಕೇಳಿಸಲ್ಲ ಅಲ್ವಾ?” ಅಂದರು.

ಮಾವ ಎಡಗಿವಿಯ ಮೇಲೆ ಕೈ ಇಟ್ಟುಕೊಂಡು ಹೌದೆಂದು ತಲೆಯಾಡಿಸಿದರು.

“ಯಾವಾಗಿನಿಂದ?”

“ಕೆಲಸ ಬಿಟ್ಟ ಮೇಲೆ. ಮೊದಲು ಏನೋ ಮುಚ್ಚಿಕೊಂಡ ಹಾಗೆ ಅನ್ನಿಸ್ತು. ಆಮೇಲೆ ಪೂರ್ತಿ.”

“ಸ್ಪೀಕರ್ ಕೆಟ್ಟಿದೆ ಅಂತ ಗುಜರಿಗೆ ಹಾಕಿದ್ರಿ.”

“ಸ್ಪೀಕರ್ ಸರಿಯಾಗೇ ಇತ್ತು. ಗೊತ್ತಿತ್ತು ನಂಗೆ. ಆದ್ರೂ ಸ್ಪೀಕರ್‌ದೇ ಇರಬಹುದೇನೋ, ಹೊಸದು ತಂದ್ರೆ ಸರಿಹೋಗಬಹುದೇನೋ ಅಂತ...”

ಯಾಕೆ ಹೇಳಲಿಲ್ಲ ಅಂತ ಅತ್ತೆ ಕೇಳಲಿಲ್ಲ. ಕೇಳುವ ಅಗತ್ಯವೂ ಇರಲಿಲ್ಲ. ಮಾವನ ಅಣ್ಣ, ನಮ್ಮ ದೊಡ್ಡಮಾವ, ತೀರಿಕೊಂಡದ್ದು ಹೀಗೆಯೇ. ಮೊದಲು ಒಂದು ಕಿವಿ ಮಂದವಾಯಿತು, ಆಮೇಲೆ ನಡೆಯುವಾಗ ಓಲಾಡತೊಡಗಿದರು. ತಲೆಯೊಳಗೆ ಗಡ್ಡೆ ಅಂತ ಗೊತ್ತಾಗುವ ಹೊತ್ತಿಗೆ ತಡವಾಗಿತ್ತು. ಆಪರೇಷನ್ ಥಿಯೇಟರಿನ ಬಾಗಿಲ ತನಕ ಅಣ್ಣನ ಕೈ ಹಿಡಿದುಕೊಂಡು ಹೋಗಿದ್ದವರು ಮಾವನೇ. ದೊಡ್ಡಮಾವ ಅಲ್ಲಿಂದ ಮಾತಾಡುವ ಹಾಗೆ ಹೊರಗೆ ಬರಲಿಲ್ಲ. ತಮ್ಮ ಕಿವಿ ಮುಚ್ಚಿಕೊಂಡ ದಿನದಿಂದ ಮಾವ ಆ ಬಾಗಿಲನ್ನೇ ನೋಡುತ್ತಿದ್ದರು. ಡಾಕ್ಟರ ಹತ್ತಿರ ಹೋದರೆ ಅದೇ ಮಾತು ಕೇಳಬೇಕಾಗುತ್ತದೆ, ಹೋಗದಿದ್ದರೆ ಕೇಳಬೇಕಾಗಿಲ್ಲ.

“ನಾಳೆ ಹೋಗೋಣ. ನಾನಿರ್ತೀನಿ” ಅಂದರು ಅತ್ತೆ. ಅಷ್ಟೇ ಅಂದದ್ದು. ಆದರೆ ಆ ದಿನ ಮನೆ ತಲುಪುವಷ್ಟರಲ್ಲಿ ಅವರು, ಕಲಿಯುವವರು ಮಾಡಿದ್ದರೆ ಕೆಂಡಾಮಂಡಲವಾಗುತ್ತಿದ್ದ ತಪ್ಪುಗಳನ್ನೆಲ್ಲ ತಾವೇ ಮಾಡಿದರಂತೆ. ಗೇರು ತಪ್ಪಾಗಿ ಹಾಕಿದರು, ಇಂಡಿಕೇಟರ್ ಹಾಕಿಯೂ ತಿರುಗಿಸುವುದನ್ನು ಮರೆತರು.

ಕಿವಿಯ ಡಾಕ್ಟರು ವಯಸ್ಸಿನಲ್ಲಿ ಚಿಕ್ಕವರು, ಮಾತು ಕಮ್ಮಿ. ಮಾವ ಹೇಳಿದ್ದನ್ನೆಲ್ಲ ಕೇಳಿಸಿಕೊಂಡರು. ದೊಡ್ಡಮಾವನ ವಿಷಯವನ್ನು ಮಾವ ಹೇಳಲಾರದೆ ತಡವರಿಸಿದಾಗ ಅತ್ತೆಯೇ ಹೇಳಿದರು. ಡಾಕ್ಟರು ತಲೆದೂಗಿ, ಮೊದಲು ನೋಡೋಣ ಅಂದು ಒರಗುವ ಕುರ್ಚಿಯಲ್ಲಿ ಕೂರಿಸಿ, ದುರ್ಬೀನಿನ ಹಾಗಿದ್ದ ಒಂದು ಯಂತ್ರವನ್ನು ಎಳೆದುಕೊಂಡರು. ಬಲಗಿವಿ ಬೇಗ ಮುಗಿಯಿತು. ಎಡಗಿವಿಯಲ್ಲಿ ಅವರು ಕಣ್ಣಿಟ್ಟವರು ತೆಗೆಯಲೇ ಇಲ್ಲ. ದೀಪ ಸರಿಮಾಡಿಕೊಂಡರು, ಮತ್ತೆ ನೋಡಿದರು. ಅತ್ತೆ ಚೀಲದ ಹಿಡಿಕೆಯನ್ನು ಹಿಂಡುತ್ತಾ ಕೂತಿದ್ದರು. ಮಾವನ ಕಾಲ್ಬೆರಳುಗಳು ಚಪ್ಪಲಿಯೊಳಗೆ ಮುದುಡಿಕೊಂಡಿದ್ದವು.

ಕೊನೆಗೆ ಡಾಕ್ಟರು ತಲೆ ಎತ್ತಿ, ಏನು ಕೆಲಸ ಮಾಡುತ್ತಿದ್ದಿರಿ ಅಂತ ಕೇಳಿದರು. ಕಾರ್ಖಾನೆ, ಲೇತು ಅಂದರು ಮಾವ. ಅಲ್ಲಿ ಸದ್ದಿಗೆ ಕಿವಿಗೆ ಏನಾದರೂ ಹಾಕಿಕೊಳ್ಳುತ್ತಿದ್ದಿರಾ? ಕಿವಿ ಮುಚ್ಚುವ ದೊಡ್ಡ ಬಟ್ಟಲುಗಳನ್ನು ಕಾರ್ಖಾನೆಯವರು ಕೊಟ್ಟಿದ್ದರು, ಅವನ್ನು ಹಾಕಿಕೊಂಡರೆ ಪಕ್ಕದವನ ಮಾತು ಕೇಳಿಸುವುದಿಲ್ಲ ಅಂತ ನಾನು ಹತ್ತಿ ತುರುಕಿಕೊಳ್ಳುತ್ತಿದ್ದೆ ಅಂತ ಮಾವ ಒಪ್ಪಿಕೊಂಡರು.

“ತೆಗೆಯೋವಾಗ ಪೂರ್ತಿ ತೆಗೀತಿದ್ರಾ?” ಅಂದರು ಡಾಕ್ಟರು. ಅವರ ಮುಖದಲ್ಲಿ ಮೊದಲ ಸಲ ನಗುವಿನ ಅಂಚು ಕಂಡಿತು.

ಆಮೇಲೆ ನಡೆದದ್ದನ್ನು ಅತ್ತೆ ಎಷ್ಟು ಸಲ ಹೇಳಿದರೂ ಅವರಿಗೆ ಸಾಕಾಗುವುದಿಲ್ಲ. ಡಾಕ್ಟರು ಏನೋ ಹನಿ ಬಿಟ್ಟು ಕಾಯಿಸಿದರು. ಸಣ್ಣ ಕೊಳವೆಯಿಂದ ಹೀರಿಸಿದರು. ಮಾವ ಕುರ್ಚಿಯ ಕೈ ಹಿಡಿದು ಹಲ್ಲು ಕಚ್ಚಿಕೊಂಡರು. ಕೊನೆಗೆ ಡಾಕ್ಟರು ಒಂದು ತೆಳು ಚಿಮಟ ಒಳಗೆ ಬಿಟ್ಟು, ಮೆಲ್ಲಗೆ, ಬಹಳ ಮೆಲ್ಲಗೆ ಎಳೆದು, ಬಂದದ್ದನ್ನು ಸ್ಟೀಲಿನ ಬಟ್ಟಲಿಗೆ ಹಾಕಿದರು. ಹುಣಸೆಬೀಜದಂತೆ ಗಟ್ಟಿಯಾಗಿ ಕಪ್ಪಾಗಿತ್ತು. ಡಾಕ್ಟರು ಚಿಮಟದಿಂದ ಒತ್ತಿದಾಗ ಅದರೊಳಗೆ ಹತ್ತಿಯ ಎಳೆ ಕಂಡಿತು. ಕಾರ್ಖಾನೆಯ ಕೊನೆಯ ದಿನಗಳಲ್ಲಿ ತುರುಕಿದ ಹತ್ತಿಯ ಒಂದು ಚೂರು ಒಳಗೇ ಉಳಿದು, ಅದರ ಮೇಲೆ ಗುಗ್ಗೆ ಕಟ್ಟಿ, ಕಟ್ಟಿ, ಬಾಗಿಲು ಹಾಕಿದಂತೆ ಕೂತುಬಿಟ್ಟಿತ್ತು.

ಡಾಕ್ಟರು ಅಷ್ಟಕ್ಕೇ ಬಿಡಲಿಲ್ಲ. ಗಾಜಿನ ಕಿಟಕಿಯ ಒಂದು ಪುಟ್ಟ ಕೋಣೆಯಲ್ಲಿ ಮಾವನನ್ನು ಕೂರಿಸಿ, ಸಣ್ಣ ಸಣ್ಣ ಸದ್ದು ಕೇಳಿಸಿ ಗುಂಡಿ ಒತ್ತಿಸಿದರು. ಕಣ್ಣು ಮುಚ್ಚಿಸಿ ನಿಲ್ಲಿಸಿದರು, ನೆಟ್ಟಗೆ ನಡೆಸಿ ನೋಡಿದರು. ಆಮೇಲೆ ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡು ಬಿಡಿಸಿ ಹೇಳಿದರು. ಈಗ ಎರಡು ಕಿವಿಗಳೂ ಒಂದೇ ಸಮ ಕೇಳಿಸುತ್ತಿವೆ. ಇಷ್ಟು ವರ್ಷ ಯಂತ್ರದ ಸದ್ದಿನಲ್ಲಿದ್ದದ್ದರಿಂದ ತೀರಾ ಕೀರಲು ದನಿಗಳು ಎರಡರಲ್ಲೂ ಒಂದಿಷ್ಟು ಕಮ್ಮಿ, ಅದು ಮತ್ತೆ ಬರುವುದಿಲ್ಲ, ಬೇಕಾದರೆ ವರ್ಷಕ್ಕೊಮ್ಮೆ ಬಂದು ತೋರಿಸಿ. ಅಣ್ಣನಿಗೆ ಆದಂಥದ್ದರ ಗುರುತು ಒಂದೂ ಇಲ್ಲ.

“ಒಂದೂ ಇಲ್ಲ” ಅಂತ ಇನ್ನೊಮ್ಮೆ ಹೇಳಿದರು, ಮಾವನ ಮುಖ ನೋಡಿ.

ಮಾವ ತಲೆ ಬಗ್ಗಿಸಿ ಎರಡು ಕೈಯಿಂದಲೂ ಮುಖ ಒರೆಸಿಕೊಂಡರು. ಆಮೇಲೆ ಸುತ್ತ ನೋಡತೊಡಗಿದರು. ಮೇಲೆ ತಿರುಗುತ್ತಿದ್ದ ಫ್ಯಾನಿನ ಕಿರುಗುಟ್ಟುವಿಕೆ, ಹೊರಗೆ ಯಾರೋ ಕುರ್ಚಿ ಎಳೆದದ್ದು, ಅತ್ತೆ ಚೀಲದ ಜಿಪ್ಪು ಹಾಕಿದ್ದು, ಪ್ರತಿಯೊಂದಕ್ಕೂ ಆ ಕಡೆಗೆ ತಿರುಗುತ್ತಿದ್ದರು. ಅತ್ತೆ ಹೋಗೋಣವಾ ಅಂದಾಗ ಮುಖ ಕಿವುಚಿಕೊಂಡು, ಮೆಲ್ಲಗೆ ಮಾತಾಡು ಅಂದರು. ಈ ಕೆಲವು ತಿಂಗಳಲ್ಲಿ ತನ್ನ ದನಿ ಎಷ್ಟು ದೊಡ್ಡದಾಗಿತ್ತೆಂದು ಅತ್ತೆಗೆ ಆಗಲೇ ಗೊತ್ತಾದದ್ದು.

ಆಸ್ಪತ್ರೆಯ ಮೆಟ್ಟಿಲಿಳಿಯುವಾಗ ಅತ್ತೆ ಕಂಬಕ್ಕೆ ಒರಗಿ ನಿಂತು, ನನ್ನ ಕೈಲಿ ಓಡಿಸೋಕಾಗಲ್ಲ, ನೀವೇ ಓಡಿಸಿ ಅಂತ ಕೀ ಕೊಟ್ಟರು. ತನ್ನ ಕಾರಿನ ಸ್ಟೀರಿಂಗನ್ನು ಕಲಿಯುವವರಿಗಲ್ಲದೆ ಇನ್ನಾರಿಗೂ ಬಿಡದ ಹೆಂಗಸು. ಮಾವ ಬಲಗಡೆ ಹತ್ತಿದರು, ಅತ್ತೆ ಅವರ ಎಡಗಡೆ ಕೂತರು. ಸ್ವಲ್ಪ ದೂರ ಹೋದ ಮೇಲೆ ಅತ್ತೆ, ಅಂಗಡಿಯಲ್ಲಿ ನಿಮಗೊಂದು ಮಾತು ಕೇಳಿದ್ದೆ, ನಿಮಗೆ ಕೇಳಿಸಲಿಲ್ಲ ಅಂದರು. ಏನು ಕೇಳಿದೆ ಅಂದರು ಮಾವ. ಅತ್ತೆ ಹೇಳಿದರು. ಹೇಳುತ್ತಾ ಹೇಳುತ್ತಾ ಇಷ್ಟು ದಿನ ಒಳಗೆ ಕಟ್ಟಿಕೊಂಡದ್ದೆಲ್ಲ ಹೊರಗೆ ಬಂತು. ಊಟದ ಮೇಜು, ಬೇಗ ಇಟ್ಟುಕೊಂಡ ಕ್ಲಾಸುಗಳು, ತಾನು ಬೇಡವಾಗಿದ್ದೇನೆ ಅಂದುಕೊಂಡದ್ದು, ಎಲ್ಲ.

ಮಾವ ಕಾರನ್ನು ರಸ್ತೆಯ ಬದಿಗೆ ತಂದು ನಿಲ್ಲಿಸಿದರು.

“ಕೋಪಾನಾ? ನಿನ್ನ ಮೇಲಾ?” ಅಂದರು. “ನೀನೇ ನನ್ನ ಹತ್ರ ಮಾತು ಬಿಟ್ಟಿದ್ದೀಯ ಅಂದ್ಕೊಂಡಿದ್ದೆ ಕಣೇ. ಮನೇಲಿ ಕೂತು ತಿನ್ನೋನಾಗಿದ್ದೀನಿ, ಇವಳಿಗೂ ಸಾಕಾಗಿದೆ, ಕಾರಲ್ಲಿ ಮಾತ್ರ ಏನೋ ಮರ್ಯಾದೆಗೆ ನಾಲ್ಕು ಮಾತಾಡ್ತಾಳೆ ಅಂತ.”

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಮೊದಲು ನಕ್ಕದ್ದು ಯಾರು ಅನ್ನುವುದರ ಬಗ್ಗೆ ಅವರಲ್ಲಿ ಇವತ್ತಿಗೂ ಒಮ್ಮತವಿಲ್ಲ. ಅತ್ತೆ ನಕ್ಕು ನಕ್ಕು ಕೊನೆಗೆ ಅಳತೊಡಗಿದರಂತೆ, ಮಾವ ಕಾರಿನ ಗಾಜು ಒರೆಸುವ ಬಟ್ಟೆಯನ್ನೇ ಅವರ ಕೈಗೆ ಕೊಟ್ಟರಂತೆ. ಅದರ ಗುರುತಾಗಿ ಅತ್ತೆಯ ಕೆನ್ನೆಯ ಮೇಲೆ ಧೂಳಿನ ಒಂದು ಪಟ್ಟೆ ಉಳಿಯಿತು. ಅದು ಅಂಗಡಿ ತಲುಪಿದ ಮೇಲೂ ಹಾಗೇ ಇತ್ತು.

ಹೌದು, ಅವರು ಅಲ್ಲಿಂದ ನೇರ ಅಂಗಡಿಗೇ ಹೋದದ್ದು. ಮೆಟ್ಟಿಲು ಹತ್ತಿ ನೋಡಿದರೆ ಅಂಗಡಿಯವರು ಕೌಂಟರಿನ ಮೇಲೆ ಆಂಪ್ಲಿಫೈಯರ್ ಬಿಚ್ಚಿ ಹರಡಿಕೊಂಡು, ಅದರ ಒಳಗೆ ತಲೆ ತೂರಿಸಿಕೊಂಡು ಕೂತಿದ್ದಾರೆ. ನಿನ್ನೆಯಿಂದ ಎಡಗಡೆಯ ತೊಂದರೆ ಹುಡುಕುತ್ತಿದ್ದೇನೆ, ನನಗಂತೂ ಎಲ್ಲಾ ಸರಿಯಾಗಿಯೇ ಕೇಳಿಸುತ್ತಿದೆ, ನನ್ನ ಕಿವಿಯೇ ಕೆಟ್ಟಿದೆಯೋ ಏನೋ ಅಂತ ಭಯ ಹತ್ತಿದೆ ಅಂದರು. ಮಾವ ಸಂಕೋಚದಿಂದ ವಿಷಯ ಹೇಳಿದರು. ಅಂಗಡಿಯವರು ಕುರ್ಚಿಗೆ ಕುಸಿದು ಕೂತು ಉಸ್ಸಪ್ಪಾ ಅಂದರು. ಮೂರು ಜೀವಕ್ಕೂ ಒಂದೇ ದಿನ ನೆಮ್ಮದಿ.

ಆವತ್ತು ಆಯ್ಕೆ ನಿಜವಾಗಿ ನಡೆಯಿತು. ಮೊದಲ ಜೊತೆಯಲ್ಲಿ ಡ್ರಮ್ಮಿನ ಗುಡುಗು ಜೋರು. ಮಾವನಿಗೆ ಹಿಡಿಸಿಬಿಟ್ಟಿತು, ತೊಡೆಯ ಮೇಲೆ ತಾಳ ಹಾಕತೊಡಗಿದರು. ಅತ್ತೆ, ಹಾಡುವವರು ಹಂಡೆಯೊಳಗೆ ಕೂತು ಹಾಡಿದ ಹಾಗಿದೆ ಅಂದರು. ಅಂಗಡಿಯವರು ಅವರ ಪರ ನಿಂತರು. ಸಣ್ಣ ಡಬ್ಬ ದೊಡ್ಡದರ ಹಾಗೆ ಗುಡುಗಲು ಹೋದರೆ ಹೀಗೆಯೇ, ಮೊದಲ ದಿನ ಖುಷಿ, ಆಮೇಲೆ ತಲೆನೋವು. ಅದೂ ಅಲ್ಲದೆ ಇದರ ಗಾಳಿ ಹೋಗುವ ತೂತು ಹಿಂದುಗಡೆ ಇದೆ, ನಿಮ್ಮ ಶೆಲ್ಫು ಗೋಡೆಗೆ ಅಂಟಿಕೊಂಡಿದ್ದರೆ ಸದ್ದು ಇನ್ನೂ ಕಲಸಿಹೋಗುತ್ತದೆ ಅಂದರು. ಎರಡನೆಯ ಜೊತೆ ಎಷ್ಟು ಹರಿತವೆಂದರೆ ‘ಸ’ ಬಂದಾಗಲೆಲ್ಲ ಹೊಸದಾಗಿ ತೆರೆದ ಕಿವಿಗೆ ಸೂಜಿ ಚುಚ್ಚಿದಂತಾಗಿ ಮಾವ ಕಣ್ಣು ಮುಚ್ಚಿಕೊಂಡರು.

ಮೂರನೆಯದು ನೋಡಲು ಏನೂ ಚೆಂದವಿರಲಿಲ್ಲ, ಕಪ್ಪು ಬಣ್ಣದ ಮೊದ್ದು ಡಬ್ಬ, ತೂತು ಮುಂದುಗಡೆ. ಹಾಡು ಶುರುವಾಯಿತು. ಹೆಂಗಸಿನ ದನಿ ಎಡಗಡೆಯ ಮೂಲೆಯಿಂದ ಎದ್ದು ಬಂತು. ಮಾವ ತಟ್ಟನೆ ಆ ಕಡೆ ತಿರುಗಿದರು, ಯಾರೋ ಪರಿಚಯದವರು ಬಾಗಿಲಲ್ಲಿ ನಿಂತು ಕರೆದ ಹಾಗೆ. ಬಲಗಡೆಯಿಂದ ಗಂಡಸು ಉತ್ತರ ಕೊಟ್ಟ. ಮಾವ ಬೆರಳೆತ್ತಿ, “ಈಗ ನೋಡು, ಉಸಿರು ತಗೋತಾಳೆ” ಅಂದರು. ಉಸಿರು ಕೇಳಿಸಿತು, ಇಬ್ಬರಿಗೂ. ಅಂಗಡಿಯವರು ಕೂಡ ಕನ್ನಡಕ ಹುಡುಕುವುದನ್ನು ನಿಲ್ಲಿಸಿ ಪೂರ್ತಿ ಹಾಡು ಕೇಳಿದರು.

ಅದನ್ನೇ ತೆಗೆದುಕೊಂಡರು. ಅಂಗಡಿಯಲ್ಲಿ ಕೇಳಿಸಲೆಂದು ಇಟ್ಟಿದ್ದ ಜೊತೆ ಅದು, ಒಂದರ ಪಕ್ಕಕ್ಕೆ ಗೀರು ಬಿದ್ದಿತ್ತು. ಅದಕ್ಕೇ ಬೆಲೆಯಲ್ಲಿ ಸಾಕಷ್ಟು ಇಳಿಸಿ ಕೊಟ್ಟರು. ಗೀರು ನೋಡಿ ಅತ್ತೆಗೆ ಮೊದಲು ಮನಸ್ಸು ಬರಲಿಲ್ಲ. ಆ ಮಗ್ಗುಲನ್ನು ಪುಸ್ತಕಗಳ ಕಡೆ ತಿರುಗಿಸಿಟ್ಟರಾಯಿತು ಅಂದರು ಮಾವ. ಚೌಕಾಸಿ ಮಾಡುವ ಹುಮ್ಮಸ್ಸು ಆವತ್ತು ಇಬ್ಬರಿಗೂ ಇರಲಿಲ್ಲ, ಹೇಳಿದಷ್ಟು ಕೊಟ್ಟು ಬಂದರು.

ಆ ಭಾನುವಾರ ಮಧ್ಯಾಹ್ನ ನಾನು ಅವರ ಮನೆಗೆ ಹೋದೆ. ಮಾವ ಶೆಲ್ಫಿನ ಮುಂದೆ ಮಂಡಿಯೂರಿ ಕೂತು ಡಬ್ಬಗಳನ್ನು ಬೆರಳಗಲ ಈಚೆ, ಬೆರಳಗಲ ಆಚೆ ಸರಿಸುತ್ತಿದ್ದರು. ಕಿವಿಯ ಎತ್ತರಕ್ಕೆ ಬರಲಿ ಅಂತ ಕೆಳಗೆ ಹಳೆಯ ಡಿಕ್ಷನರಿಗಳನ್ನು ಇಟ್ಟಿದ್ದರು. ಒಂದು ಸಲ ನನ್ನನ್ನು, ಒಂದು ಸಲ ಅತ್ತೆಯನ್ನು ಕುರ್ಚಿಯಲ್ಲಿ ಕೂರಿಸಿ, ಈಗ ಹೇಗಿದೆ, ಈಗ ಹೇಗಿದೆ ಅಂತ ಪ್ರಾಣ ತಿಂದರು. ನನಗೆ ಒಂದು ವ್ಯತ್ಯಾಸವೂ ಗೊತ್ತಾಗಲಿಲ್ಲ, ಚೆನ್ನಾಗಿದೆ ಚೆನ್ನಾಗಿದೆ ಅಂದೆ. ಅತ್ತೆ ಮಾತ್ರ, ಎಡಗಡೆಯದನ್ನು ಇನ್ನೊಂದು ಚೂರು ಈಚೆಗೆ ತನ್ನಿ ಅಂತ ಕಾರು ರಿವರ್ಸ್ ತೆಗೆಸುವವರ ಹಾಗೆ ಕೈಸನ್ನೆ ಮಾಡುತ್ತಿದ್ದರು. ಮಾವ ಮರುಮಾತಿಲ್ಲದೆ ಸರಿಸುತ್ತಿದ್ದರು.

ಎಲ್ಲ ಮನಸ್ಸಿಗೆ ಬಂದ ಮೇಲೆ ಮಾವ ಕುರ್ಚಿಯಲ್ಲಿ ಕಾಲು ಚಾಚಿ ಕೂತರು. ಹಾಡು ಮುಂದುವರಿಯಿತು. ನಾನೂ ಅತ್ತೆಯೂ ಅಡುಗೆಮನೆಯ ಬಾಗಿಲಲ್ಲಿ ನಿಂತು ಸಣ್ಣ ದನಿಯಲ್ಲಿ ಮಾತಾಡಿಕೊಳ್ಳುತ್ತಿದ್ದೆವು. ಬೆಳಗಿನ ಕ್ಲಾಸನ್ನು ಮೊದಲಿನ ಹೊತ್ತಿಗೇ ತರುತ್ತೇನೆ, ಅಷ್ಟು ಬೇಗ ಎದ್ದು ಓಡುವ ಗ್ರಹಚಾರ ನನಗ್ಯಾಕೆ ಅಂದರು. ಅವರ ಮುಖದಲ್ಲಿ ಒಳ್ಳೆಯ ನಿದ್ದೆ ಮಾಡಿ ಎದ್ದವರ ಹಗುರವಿತ್ತು. ಅಷ್ಟರಲ್ಲಿ ಮಾವನ ತಲೆ ಭುಜದ ಮೇಲೆ ವಾಲಿತು, ಬಾಯಿ ಒಂಚೂರು ತೆರೆಯಿತು. ಅತ್ತೆ ಹೆಜ್ಜೆಯ ಸದ್ದಾಗದಂತೆ ಹೋಗಿ ವಾಲ್ಯೂಮ್ ಇಳಿಸಿದರು.

“ಯಾಕೆ ಕಮ್ಮಿ ಮಾಡ್ದೆ? ಕೇಳಿಸ್ಕೊಳ್ತಾ ಇದ್ದೀನಲ್ಲ” ಅಂದರು ಮಾವ, ಕಣ್ಣು ತೆರೆಯದೆ.

ಅತ್ತೆ ಮತ್ತೆ ಏರಿಸಿ, ಅಲ್ಲೇ ಪಕ್ಕದಲ್ಲಿ ನೆಲದ ಮೇಲೆ ಕೂತು ಕುರ್ಚಿಯ ಕೈಗೆ ತಲೆಯಾನಿಸಿದರು.